ಉಡಿಯಲ್ಲಿ ಬಂದ ಬೇಲಿ

ನನ್ನ ತವರುಮನೆಗೂ ಗಂಡನ ಮನೆಗೂ ನಡುವೆ ಒಂದು ಬೇಲಿ ಇತ್ತು. ಊರಿಲ್ಲ, ಹೊಳೆಯಿಲ್ಲ, ನಡುವೆ ಒಂದು ಹೊಲ ಕೂಡ ಇರಲಿಲ್ಲ; ಎರಡು ಹಿತ್ತಲ ತೋಟಗಳ ನಡುವಿನ ಜಾಲಿ ಮುಳ್ಳಿನ ಬೇಲಿ ಮಾತ್ರ. ಅಬ್ಬಿಗೇರಿ ಮಗ್ಗುಲಿನ ನಮ್ಮ ಊರಿನಲ್ಲಿ ಹೆಣ್ಣುಮಕ್ಕಳನ್ನು ನರೇಗಲ್ಲಿಗೋ ರೋಣಕ್ಕೋ ಕೊಟ್ಟರೆ ದೂರ ಕೊಟ್ಟೆವೆಂದು ಅಳುತ್ತಿದ್ದರು. ನನ್ನನ್ನು ಪಕ್ಕದ ಮನೆಗೆ ಕೊಟ್ಟಾಗಲೂ ಅವ್ವ ಅಷ್ಟೇ ಅತ್ತಳು.

ಶಾಸ್ತ್ರ ಎಂದರೆ ಶಾಸ್ತ್ರ. ಮದುವೆ ಮುಗಿದ ಮೇಲೆ ನನ್ನನ್ನು ಚಕ್ಕಡಿ ಹತ್ತಿಸಿದರು. ಚಕ್ಕಡಿ ನಮ್ಮ ಬಾಗಿಲಿನಿಂದ ಹೊರಟು, ಬಸವಣ್ಣನ ಗುಡಿ ಬಳಸಿ, ಅಗಸಿ ಬಾಗಿಲು ದಾಟಿ ಊರ ಹೊರಗೆ ಹೋಗಿ, ಮತ್ತೆ ಒಳಗೆ ಬಂದು, ನಮ್ಮ ಮನೆಯ ಮುಂದೆಯೇ ಹಾಯ್ದು ಪಕ್ಕದ ಬಾಗಿಲಲ್ಲಿ ನಿಂತಿತು. ಹಾಯುವಾಗ ಅವ್ವ ಕಟ್ಟೆಯ ಮೇಲೆ ಇನ್ನೂ ಅಳುತ್ತಾ ಕೂತಿದ್ದಳು; ನನ್ನನ್ನು ನೋಡಿ ಕಣ್ಣೊರೆಸಿಕೊಂಡು, "ಸೆರಗ ಸರಿ ಮಾಡಿಕೋ," ಅಂದಳು. ಅತ್ತೆ ಅದೇ ದಿನ ಬೆಳಗ್ಗೆ ನಮ್ಮ ಮನೆಯಿಂದ ಜರಡಿ ಒಯ್ದಿದ್ದವರು, ಈಗ ಆರತಿ ಹಿಡಿದು ಬಂದು ಎಲ್ಲರೆದುರು, "ಹಾದ್ಯಾಗ ಭಾಳ ತ್ರಾಸ ಆತೇನವ್ವಾ?" ಎಂದು ಕೇಳಿದರು. ನಾನು ಇಲ್ಲ ಅಂದೆ.

ಇದೆಲ್ಲ ನರಗುಂದದ ಅರಸರು ಕಂಪನಿ ಸರಕಾರದ ಮೇಲೆ ತಿರುಗಿಬಿದ್ದ ಗದ್ದಲಕ್ಕೆ ಕೆಲವು ವರ್ಷ ಮೊದಲಿನ ಮಾತು. ನನಗೆ ಬರೆಯಲು ಬಾರದು. ನಾನು ಹೇಳುತ್ತಾ ಹೋಗುತ್ತೇನೆ, ಮೊಮ್ಮಗಳ ಗಂಡ ಬರೆದುಕೊಳ್ಳುತ್ತಾನೆ. ನನ್ನ ಮಾತನ್ನು ಅವನು ಪುಸ್ತಕದ ಭಾಷೆಗೆ ತಿರುಗಿಸುತ್ತಾನಂತೆ. ತಿರುಗಿಸಲಿ. ಆದರೆ ಜನ ಆಡಿದ ಮಾತನ್ನು ಆಡಿದ ಹಾಗೆಯೇ ಇಡು ಎಂದು ಹೇಳಿದ್ದೇನೆ.

ಆ ಮದುವೆಗಾಗಿ ಬೇಲಿ ತೆಗೆದಿದ್ದರು. ಎರಡೂ ತೋಟಗಳನ್ನು ಕೂಡಿಸಿ ಒಂದೇ ಹಂದರ ಹಾಕೋಣ, ಎರಡು ಮನೆಯ ನೆಂಟರೂ ಒಂದೇ ಕಡೆ ಕೂರಲಿ ಎಂದು ಅಪ್ಪನೂ ಮಾವನೂ ಸೇರಿ ನಿಶ್ಚಯ ಮಾಡಿದ್ದರು. ಆಗ ಅವರಿಬ್ಬರಿಗೆ ಬಹಳ ಸ್ನೇಹ. ಬೇಲಿಯ ಮುಳ್ಳುಕಂಟಿಗಳನ್ನು ಇಬ್ಬರೂ ಸೇರಿಯೇ ಕವೆಗೋಲಿನಲ್ಲಿ ಎತ್ತಿ ಮೂಲೆಗೆ ಒಟ್ಟಿದರು. ಅಡುಗೆಯವರಿಗೆ ಸೌದೆ ಕಡಿಮೆ ಬಿತ್ತು. ಯಾರೋ ಆ ಕಂಟಿಗಳನ್ನು ತೋರಿಸಿದರು. ಒಣಗಿದ ಜಾಲಿ ಚೆನ್ನಾಗಿ ಉರಿಯುತ್ತದೆ. ಗೋಧಿ ಹುಗ್ಗಿಯ ಕೊಪ್ಪರಿಗೆಯ ಕೆಳಗೆ ಇಡೀ ಬೇಲಿ ಉರಿದು ಬೂದಿಯಾಯಿತು. ಹುಗ್ಗಿ ಬಹಳ ರುಚಿಯಾಗಿತ್ತು ಎಂದು ಇವತ್ತಿಗೂ ಹೇಳುವವರಿದ್ದಾರೆ.

ಮದುವೆಯಾಗಿ ಕೆಲವು ದಿನ ಬೇಲಿ ಯಾರಿಗೂ ನೆನಪಾಗಲಿಲ್ಲ. ಹಿತ್ತಲಿಂದ ಹಿತ್ತಲಿಗೆ ನಾನು ಹೋಗುತ್ತಿದ್ದೆ, ಅವ್ವ ಬರುತ್ತಿದ್ದಳು, ಅತ್ತೆ ಹೆಪ್ಪಿಗೆ ಮಜ್ಜಿಗೆ ಬೇಕಾದರೆ ಬೀದಿ ಸುತ್ತದೆ ನೇರ ಹೋಗುತ್ತಿದ್ದರು. ಬೇಲಿಯನ್ನು ನೆನಪು ಮಾಡಿಕೊಟ್ಟದ್ದು ಎಮ್ಮೆ.

ಆ ಎಮ್ಮೆಯನ್ನು ಅಪ್ಪ ನನಗೆ ಬಳುವಳಿ ಕೊಟ್ಟಿದ್ದ. ನನ್ನ ಹಿಂದೆಯೇ ಅದನ್ನೂ ಕೊಂಬಿಗೆ ಗೊಂಡೆ ಕಟ್ಟಿ ಊರೆಲ್ಲ ಮೆರೆಸಿ ಮಾವನ ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಅದು ಅಪ್ಪನ ಮನೆಯಲ್ಲಿ ಹುಟ್ಟಿ ಬೆಳೆದ ಎಮ್ಮೆ. ಮೇಯಲು ಬಿಟ್ಟರೆ ಸಂಜೆ ಹೊತ್ತಿಗೆ ತನ್ನಷ್ಟಕ್ಕೆ ತಾನು ಮಾವನ ಹಿತ್ತಲಿಗೆ ಬರುವುದು. ಅಲ್ಲಿಂದ ಬದನೆ ಪಾತಿಯ ನಡುವೆ ಹಾಯ್ದು, ಸಿಕ್ಕಷ್ಟು ತಿಂದು, ಬೇಲಿ ಇದ್ದ ಜಾಗ ದಾಟಿ, ಅಪ್ಪನ ಮೆಂತ್ಯೆ ಮಡಿಯಲ್ಲಿ ಬಾಯಾಡಿಸಿ, ಹಳೆಯ ಗೂಟದ ಹತ್ತಿರ ಹೋಗಿ ನಿಲ್ಲುವುದು. ಅವ್ವ ನೋಡುವಳು, ಎಮ್ಮೆ ಕೆಚ್ಚಲು ತುಂಬಿಕೊಂಡು ನಿಂತಿದೆ. ಬಿಡುವುದು ಹೇಗೆ? ಕೂತು ಹಿಂಡಿಬಿಡುವಳು. ಹಾಲನ್ನು ನಾನು ಹೋಗಿ ತರುತ್ತಿದ್ದೆ. ಅರ್ಧ ಅಲ್ಲೇ ಉಳಿಯುತ್ತಿತ್ತು.

ಮಾವ ಒಂದು ಬೆಳಗ್ಗೆ ಬದನೆ ಪಾತಿಯ ಮುಂದೆ ನಿಂತು ಅಪ್ಪನನ್ನು ಕರೆದರು.

"ಬೀಗರ, ಇಲ್ನೋಡ್ರಿ. ನಿಮ್ಮ ಎಮ್ಮಿ ನನ್ನ ಬದನೀಗಿಡ ಹ್ಯಾಂಗ ಮಾಡೈತಿ."

ಅಪ್ಪ ಈ ಕಡೆ ಬಂದು ನೋಡಿದ. "ನಮ್ಮ ಎಮ್ಮಿ ಎಲ್ಲೈತ್ರಿ? ಅದು ನಿಮ್ಮದು. ನಾ ಕೊಟ್ಟೇನಲ್ಲ. ನಿಮ್ಮ ಎಮ್ಮಿ ನಿಮ್ಮ ಬದನೀಕಾಯಿ ತಿಂದೈತಿ. ನಾ ಕೇಳಬೇಕಾದದ್ದು ನನ್ನ ಮೆಂತ್ಯೆದ ಮಾತು."

"ನಮ್ಮ ಎಮ್ಮಿ ಆದ್ರ ಹಾಲು ನಿಮ್ಮ ಮನ್ಯಾಗ ಯಾಕ ಕಾಯತೈತ್ರಿ?"

ಅಪ್ಪ ಮೆಂತ್ಯೆ ಮಡಿಯ ಕಡೆ ಕೈ ತೋರಿಸಿದ. "ಬೇಲಿ ಹಾಕಿಸ್ರಿ," ಅಂದ.

"ನಾ ಯಾಕ ಹಾಕಿಸ್ಲಿ? ಮದುವಿಗೆ ತೆಗೆದದ್ದು. ಮದುವಿ ಖರ್ಚು ಹೆಣ್ಣಿನವ್ರದು. ಹಂದರ ಹಾಕಿದವ್ರು ನೀವು, ಹಂದರಕ್ಕಂತ ಬೇಲಿ ಕಿತ್ತವ್ರು ನೀವು, ತಿರುಗಿ ಹಾಕೋರೂ ನೀವ."

"ಬೇಲಿ ಮೊದಲಿಂದ ನಿಮ್ಮದು, ಬೀಗರ. ನನ್ನ ಅಪ್ಪ ಎಂದೂ ಅದಕ್ಕ ಒಂದು ಕಂಟಿ ಹಾಕಲಿಲ್ಲ."

"ನಮ್ಮ ಅಪ್ಪನೂ ಹಾಕಲಿಲ್ಲ."

ಇಬ್ಬರ ಮಾತೂ ಖರೆಯಾದರೆ ಆ ಬೇಲಿ ಅಲ್ಲಿ ಹೇಗೆ ಬಂದಿತ್ತು ಎಂದು ನಾನು ಒಳಗೆ ರೊಟ್ಟಿ ಬಡಿಯುತ್ತಾ ಯೋಚಿಸಿದೆ. ಹೊಸ ಸೊಸೆ, ಕೇಳುವ ಹಾಗಿರಲಿಲ್ಲ.

ಅಂದಿನಿಂದ ಇಬ್ಬರೂ ಮಾತು ಬಿಟ್ಟರು. ಬಿಟ್ಟರು ಎಂದರೆ ನೇರ ಆಡುವುದು ಬಿಟ್ಟರು. ನನ್ನ ಗಂಡನ ಮೂಲಕ ಆಡತೊಡಗಿದರು. ಬೇಲಿಯಿಲ್ಲದ ಜಾಗದಲ್ಲಿ ಆ ಕಡೆ ಅಪ್ಪ, ಈ ಕಡೆ ಮಾವ ನಿಲ್ಲುವರು; ನಡುವೆ ನನ್ನ ಗಂಡ. "ನಿಮ್ಮ ಮಾವಗ ಹೇಳು, ಎಮ್ಮಿ ಕಟ್ಟಿ ಹಾಕಾಕ ಬರೂದಿಲ್ಲಂತ," ಎಂದು ಮಾವ ಹೇಳುವರು. ಅಪ್ಪನಿಗೆ ಅದು ನೆಟ್ಟಗೆ ಕೇಳಿಸಿರುತ್ತಿತ್ತು. ಆದರೂ ನನ್ನ ಗಂಡ ಹೇಳಿ ಮುಗಿಸುವವರೆಗೆ ಆಕಾಶ ನೋಡುತ್ತಾ ನಿಂತು, ಆಮೇಲೆ, "ನಿಮ್ಮ ಅಪ್ಪಗ ಹೇಳು," ಎಂದು ಶುರು ಮಾಡುವನು. ನನ್ನ ಗಂಡ ಬಹಳ ಸಾಧು ಮನುಷ್ಯ. ಒಂದು ಅಕ್ಷರ ಬಿಡದೆ ಎರಡೂ ಕಡೆ ಹೇಳುತ್ತಿದ್ದರು. ನೀವು ಏನಂತೀರಿ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ನಂಗ ಯಾರೂ ಕೇಳೇ ಇಲ್ಲಲ್ಲ," ಅಂದರು.

ಕಡೆಗೆ ಮಾತು ಗೌಡರ ಕಿವಿಗೆ ಹೋಯಿತು. ನಮ್ಮ ಊರ ಗೌಡರು ದೊಡ್ಡ ಮೀಸೆಯ, ಸಣ್ಣ ದನಿಯ ಮನುಷ್ಯ. ಹಿರಿಯರಿಬ್ಬರನ್ನು ಕರೆದುಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತು, "ಇದಕ್ಕ ವಾಡಿಕಿ ಐತಿ," ಅಂದರು. "ಹೊಸ್ತಿಲ ಮ್ಯಾಲ ನಿಂತ್ರ ಬಲಗೈ ಕಡಿಗೆ ಬರೋ ಬೇಲಿ ಆ ಮನ್ಯಾವ್ರದು. ಎಡಗೈದು ಬಾಜೂದವ್ರದು. ನಿಂತು ತೋರಸ್ರಿ."

ಎರಡೂ ಮನೆಗಳು ಒಂದೇ ಸಾಲಿನಲ್ಲಿ, ಬೀದಿಗೆ ಮುಖ ಮಾಡಿ ಇದ್ದವು. ಮಾವ ತಮ್ಮ ತಲೆಬಾಗಿಲ ಹೊಸ್ತಿಲ ಮೇಲೆ ಬೀದಿ ನೋಡುತ್ತಾ ನಿಂತರು. ಅಪ್ಪನ ಮನೆ ಅವರ ಎಡಗೈಗೆ ಬಂತು. "ನೋಡ್ರಿ ಗೌಡ್ರ, ಎಡಗೈ. ಬೇಲಿ ಅವರದು."

ಗೌಡರು ಹೌದೆಂದು ಅಪ್ಪನನ್ನು ಹುಡುಕಿದರೆ ಅಪ್ಪ ಅವನ ತಲೆಬಾಗಿಲಲ್ಲಿ ಇಲ್ಲ. ಹಿತ್ತಲಿಂದ ಕೂಗು ಕೇಳಿಸಿತು: "ನಾ ಇಲ್ಲಿ ನಿಂತೇನ್ರಿ!"

ಎಲ್ಲರೂ ಅಪ್ಪನ ಮನೆಯೊಳಗಿಂದ ಹಾಯ್ದು ಹಿತ್ತಲಿಗೆ ಹೋದರು. ಅಪ್ಪ ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ತೋಟಕ್ಕೆ ಮುಖ ಮಾಡಿ ಕಂಬದ ಹಾಗೆ ನಿಂತಿದ್ದ. "ಬೇಲಿ ಇರೋದು ತ್ವಾಟದಾಗ. ತ್ವಾಟದ ಹೊಸ್ತಿಲ ಇದ. ಈಗ ನೋಡ್ರಿ, ಅವರ ಮನಿ ನನ್ನ ಎಡಗೈಗೆ ಬಂತು. ಬೇಲಿ ಅವರದು."

ಹಿರಿಯರಲ್ಲಿ ಒಬ್ಬರು ಹಿತ್ತಲಲ್ಲಿ ನಿಂತು ತಮ್ಮ ಬಲಗೈ ಎತ್ತಿ, ತಿರುಗಿ, ಮತ್ತೆ ಎತ್ತಿ ನೋಡಿಕೊಂಡರು. ಅಪ್ಪನನ್ನು ಅಲ್ಲಿಂದ ಕದಲಿಸುವುದಕ್ಕೆ ಯಾರಿಗೂ ಆಗಲಿಲ್ಲ. ಮಾವ ತಲೆಬಾಗಿಲು ಬಿಡಲಿಲ್ಲ. ಊಟದ ಹೊತ್ತಾದರೂ ಇಬ್ಬರೂ ಹೊಸ್ತಿಲ ಮೇಲೆಯೇ ನಿಂತಿದ್ದರು. ಅತ್ತೆ ಬೀದಿಗೆ ಬರಲು ಹಿತ್ತಲಿಂದ ಸುತ್ತಬೇಕಾಯಿತು, ಅವ್ವ ಹಿತ್ತಲಿಗೆ ಬರಲು ಬೀದಿಯಿಂದ ಸುತ್ತಬೇಕಾಯಿತು. ಗೌಡರು, "ವಾಡಿಕಿ ಐತಿ ಖರೇ, ಆದ್ರ ಯಾವ ಹೊಸ್ತಿಲ ಅಂತ ಹಿರೇರು ಹೇಳಿಲ್ಲ," ಎಂದು ಎದ್ದರು.

ಎರಡೂ ಮನೆಗಳಲ್ಲಿ ಹಳೆಯ ಜೀವ ಎಂದರೆ ನನ್ನ ಗಂಡನ ಅಜ್ಜಿ. ಬೇಲಿ ಮೊದಲು ಹಾಕಿದಾಗ ಆಕೆ ನನ್ನ ಹಾಗೆ ಹೊಸ ಸೊಸೆ. ಆಕೆಯನ್ನು ಕೇಳಿದರೆ ಮುಗಿಯಿತು ಎಂದು ಇಬ್ಬರೂ ಒಪ್ಪಿದರು. ಗೌಡರು ಮತ್ತೆ ಬಂದರು. ಅಜ್ಜಿಯನ್ನು ಕಂಬಕ್ಕೆ ಒರಗಿಸಿ ಕೂಡಿಸಿದೆವು.

"ಯವ್ವಾ, ಆ ಬೇಲಿ ಮೊದಲ ಯಾರು ಹಾಕಿದ್ರು, ನೆನಪೈತೇನ?" ಎಂದು ಗೌಡರು ಕೇಳಿದರು.

"ಯಾಕಿಲ್ಲ?" ಅಜ್ಜಿಯ ಮುಖ ಅರಳಿತು. "ನನ್ನ ಕಣ್ಣ ಮುಂದ ಹಾಕ್ಯಾರ. ಅವರ ಹಾಕಿದ್ರು."

ಮಾವ ಅಪ್ಪನನ್ನು ನೋಡಿದರು. ಅಪ್ಪ ಮಾವನನ್ನು ನೋಡಿದ. ಇಬ್ಬರ ಮುಖದಲ್ಲೂ ಗೆದ್ದ ಕಳೆ.

"ಅವರು ಅಂದ್ರ ಯಾರವ್ವಾ?"

"ಅವರು ಅಂದ್ರ ಅವರ," ಎಂದು ಅಜ್ಜಿ ಸೆರಗು ಮುಂದೆ ಎಳೆದುಕೊಂಡಳು.

ಗೌಡರಿಗೆ ಬೆವರು ಬಂತು. ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳದ ಕಾಲ ಅದು. ಗಂಡನಿಗೂ 'ಅವರು', ಪಕ್ಕದ ಮನೆಯವರಿಗೂ 'ಅವರು'. "ನಿಮ್ಮ ಮನೀ ಅವರೋ, ಬಾಜೂ ಮನೀ ಅವರೋ?"

"ನಮ್ಮವರೂ ಅವರ, ಆ ಮನೀಯವರೂ ಅವರ. ನಾನ್ಯಾಕ ಯಾರಿಗೂ ಏಕವಚನ ಅನ್ಲಿ?"

"ಅನ್ನಬ್ಯಾಡ. ನಿಮ್ಮ ಯಜಮಾನ್ರು ಆಗಿದ್ರ ತಲಿ ಅಲ್ಲಾಡಸು, ಸಾಕು."

ಅಜ್ಜಿಗೆ ಆ ವಯಸ್ಸಿನಲ್ಲೂ ನಾಚಿಕೆಯಾಯಿತು. ತಲೆ ತಗ್ಗಿಸಿದಳು. ಅದು ಹೌದೆಂದು ಅಲ್ಲಾಡಿಸಿದ್ದೋ ನಾಚಿ ತಗ್ಗಿಸಿದ್ದೋ ಯಾರಿಗೂ ತಿಳಿಯಲಿಲ್ಲ. ಆಗ ಅತ್ತೆ ಉಪಾಯ ಹೇಳಿದರು: ಮದುವೆ ಮನೆಗಳಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳುತ್ತಾರಲ್ಲ, ಹಾಗೆ ಒಡಪು ಹೇಳಿಸಿದರಾಯಿತು. ಅಜ್ಜಿಗೆ ಅದು ಬಹಳ ಸೇರಿತು. ಗಂಟಲು ಸರಿ ಮಾಡಿಕೊಂಡು, ಸಂಪಿಗೆ, ಸೇವಂತಿಗೆ, ಬೆಳ್ಳಿ ತಟ್ಟೆ, ವೀಳ್ಯದೆಲೆ ಎಲ್ಲ ಸೇರಿಸಿ ಉದ್ದನೆಯ ಒಡಪು ಹೇಳಿ, ಕೊನೆಗೆ ಗಂಡನ ಹೆಸರನ್ನು ಗಂಟೆ ಬಾರಿಸಿದ ಹಾಗೆ ಹೇಳಿದಳು. ಕೇಳಿದವರಿಗೆಲ್ಲ ಸಂತೋಷವಾಯಿತು. ಗೌಡರೂ ಭಲೇ ಅಂದರು. ಬೀದಿಗೆ ಹೋದ ಮೇಲೆ ಅವರಿಗೆ ಹೊಳೆಯಿತು, ಒಡಪಿನಲ್ಲಿ ಬೇಲಿಯ ಮಾತೇ ಬಂದಿರಲಿಲ್ಲ. ತಿರುಗಿ ಬರುವಷ್ಟರಲ್ಲಿ ಅಜ್ಜಿ ಮಲಗಿಬಿಟ್ಟಿದ್ದಳು. ಆಮೇಲೆ ಯಾವತ್ತು ಕೇಳಿದರೂ ಆಕೆ ಹೊಸ ಒಡಪು ಹೇಳುತ್ತಿದ್ದಳು.

ಅದೇ ಬೇಸಿಗೆಯಲ್ಲಿ ನಮ್ಮ ಸೀಮೆಯ ಹೊಲಗಳಿಗೆ ಮೋಜಣಿಯವರು ಬಂದರು. ಸರಪಳಿ ಹಿಡಿದು ಅಳೆಯುವುದು, ಕಲ್ಲು ನೆಡಿಸುವುದು ಅವರ ಕೆಲಸ. ಮಾವ ಅವರ ಮುಖ್ಯಸ್ಥನನ್ನು ಮಜ್ಜಿಗೆ ಕುಡಿಯಲು ಕರೆದರು. ಅದನ್ನು ಕಂಡು ಅಪ್ಪನೂ ಹಿತ್ತಲಿನಿಂದ ಮಜ್ಜಿಗೆ ತಂದ. ಎರಡೂ ತಂಬಿಗೆಯಲ್ಲಿದ್ದದ್ದು ಒಂದೇ ಎಮ್ಮೆಯ ಮಜ್ಜಿಗೆ. ಆ ಮನುಷ್ಯ ಎರಡನ್ನೂ ಕುಡಿದು, ತೋಟ ಅಳೆದು, ಸುಣ್ಣದಲ್ಲಿ ಒಂದು ಗೆರೆ ಎಳೆಸಿದ.

"ಇದು ನಿಮ್ಮಿಬ್ಬರ ಹದ್ದು," ಅಂದ.

"ಹದ್ದು ಎಲ್ಲೈತಿ ಅಂತ ನಮಗ ಮೊದಲ ಗೊತ್ತೈತ್ರಿ. ಅದರ ಮ್ಯಾಲಿನ ಬೇಲಿ ಯಾರದು?" ಎಂದು ಅಪ್ಪ ಕೇಳಿದ.

"ಅಲ್ಲಿ ಬೇಲಿ ಎಲ್ಲೈತಿ?"

"ಇಲ್ರಿ. ಇದ್ರ ಯಾರದು?"

ಅವನು ಮೀಸೆಗೆ ಅಂಟಿದ ಮಜ್ಜಿಗೆ ಒರೆಸಿಕೊಂಡ. "ಗೆರಿ ಎಲ್ಲಿ ಬರತೈತಿ ಅಂತ ನಾ ಹೇಳಬಹುದು. ಗೆರಿ ಮ್ಯಾಲ ಮುಳ್ಳ ಯಾರು ಹಾಕಬೇಕು ಅನ್ನೋದು ಸರಪಳಿಗೆ ಗೊತ್ತಾಗೂದಿಲ್ರಿ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅದರಿಂದ ನಮಗೆ ಸಿಕ್ಕಿದ್ದು ಒಂದು ಬಿಳಿ ಗೆರೆ. ಅದೂ ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಬಾಯಿ ಬಿಟ್ಟಾಗ ಅಲ್ಲಲ್ಲಿ ಒಳಗೆ ಬಿದ್ದುಹೋಯಿತು. ಎಮ್ಮೆ ಮಾತ್ರ ದಿನಾ ಸಂಜೆ ಗೆರೆ ದಾಟಿ ಹೋಗುತ್ತಿತ್ತು.

ಇಷ್ಟು ಹೊತ್ತಿಗೆ ಊರಿನವರಿಗೆ ನಮ್ಮ ಬೇಲಿ ಹೊತ್ತು ಕಳೆಯುವ ಒಂದು ಆಟ ಆಗಿತ್ತು. ಗುಡಿ ಕಟ್ಟೆಯಲ್ಲಿ ಅರ್ಧ ಜನ ತಲೆಬಾಗಿಲ ಪಕ್ಷ, ಅರ್ಧ ಜನ ಹಿತ್ತಲ ಬಾಗಿಲ ಪಕ್ಷ. ಬಾವಿಗೆ ಹೋದರೆ ಹೆಂಗಸರು ನನ್ನನ್ನು, "ನೀ ಯಾವ ಕಡೆ?" ಎಂದು ಕೇಳುತ್ತಿದ್ದರು. ನಾನು ಅಳುವುದೋ ನಗುವುದೋ ತಿಳಿಯದೆ ಕೊಡ ಹೊತ್ತು ಬಂದುಬಿಡುತ್ತಿದ್ದೆ. ನನಗೆ ನಿಜಕ್ಕೂ ದುಃಖವಾಗುತ್ತಿತ್ತು. ಹಬ್ಬ ಬಂದರೆ ಅಪ್ಪ ಮಗಳನ್ನು ಕರೆಯಲು ಈ ಮನೆಗೆ ಬರಬೇಕು, ಮಾವ ಅವನಿಗೆ ಕೈಕಾಲಿಗೆ ನೀರು ಕೊಡಬೇಕು. ಆ ನಾಗರ ಪಂಚಮಿಗೆ ಅಪ್ಪ ಬರಲಿಲ್ಲ. ಅವ್ವ ಉಂಡಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಹಿತ್ತಲಿಂದ ಬಂದಳು. ನಾವಿಬ್ಬರೂ ಗೆರೆಯ ಮೇಲೆಯೇ ಕೂತು ತಿಂದೆವು. ಅತ್ತೆ ನೋಡಿ, ಬೈಯುತ್ತಾರೆಂದು ನಾನು ಹೆದರಿದರೆ, ತಾವೂ ಬಂದು ಕೂತರು.

ಅತ್ತೆಯೇ ಗೌಡರ ಹೆಂಡತಿಗೆ ಹೇಳಿರಬೇಕು. ಪಂಚಮಿ ಮುಗಿದ ಮೇಲೆ ಗೌಡರು ಎರಡೂ ಮನೆಯವರನ್ನು ಚಾವಡಿಗೆ ಕರೆಸಿದರು. ಹೆಂಗಸರನ್ನು ಚಾವಡಿಗೆ ಕರೆಸುವ ಪದ್ಧತಿ ಇರಲಿಲ್ಲ; ನನ್ನನ್ನೂ ಕರೆಸಿದರು. ನಾನು ಅತ್ತೆಯ ಹಿಂದೆ ಕಂಬದ ಮರೆಗೆ ನಿಂತೆ.

"ಬೇಲಿ ಯಾಕ ತೆಗೆದ್ರಿ?" ಎಂದು ಗೌಡರು ಕೇಳಿದರು.

"ಮದುವಿಗೆ," ಎಂದರು ಇಬ್ಬರೂ.

"ಯಾರ ಮದುವಿ?"

"ಈ ಹುಡಿಗೀದು."

"ಬೇಲಿ ಈಗ ಯಾಕ ಬೇಕಾಗೈತಿ?"

"ಎಮ್ಮಿ ಸಲವಾಗಿ," ಅಂದರು ಮಾವ.

"ಎಮ್ಮಿ ಯಾರದು?"

ಮಾವ ಅಪ್ಪನ ಕಡೆ ನೋಡಿದರು. ಅಪ್ಪ ಮಾವನ ಕಡೆ ನೋಡಿದ. ಗೌಡರೇ ಹೇಳಿದರು: "ಬಳುವಳಿ ಕೊಟ್ಟದ್ದು ಹುಡಿಗಿಗೆ. ಎಮ್ಮಿ ಹುಡಿಗೀದು. ಮದುವಿ ಹುಡಿಗೀದು. ಎರಡೂ ಮನಿ ಹುಡಿಗೀವು. ನಿಮ್ಮಿಬ್ಬರಿಗೂ ಬೇಲಿ ಬ್ಯಾಡ. ಹಂಗಾದ್ರ ಬೇಲೀನ ಆಕೀ ಉಡಿಗೆ ಹಾಕಿಬಿಡ್ರಿ."

ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಹೊಲ ಕೊಡುವುದುಂಟು, ಬಾವಿಯಲ್ಲಿ ಪಾಲು ಕೊಡುವುದುಂಟು. ಬೇಲಿ ಕೊಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಆದರೆ ಅಪ್ಪನಿಗೂ ಮಾವನಿಗೂ ಬೇಲಿ ತಮ್ಮದಲ್ಲ ಎಂದು ತೀರ್ಮಾನವಾದರೆ ಸಾಕಿತ್ತು. ಇಬ್ಬರೂ ಒಟ್ಟಿಗೆ ಹೂಂ ಅಂದರು. ಎಷ್ಟೋ ತಿಂಗಳ ಮೇಲೆ ಅವರು ಒಪ್ಪಿದ ಮೊದಲ ಮಾತು ಅದು.

ಕೊಡುವುದನ್ನು ಶಾಸ್ತ್ರಪ್ರಕಾರ ಕೊಡಬೇಕು ಎಂದು ಹಿರಿಯರು ಹಟ ಹಿಡಿದರು. ಸುಣ್ಣದ ಗೆರೆಯ ಹತ್ತಿರ ಮಣೆ ಹಾಕಿ ನನ್ನನ್ನು ಕೂಡಿಸಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ವೀಳ್ಯದೆಲೆ ನಾನು ಸೆರಗು ಒಡ್ಡಿದ ಉಡಿಗೆ ಬಿದ್ದವು. ಆಮೇಲೆ ಗೌಡರು ಒಂದು ಜಾಲಿ ಟೊಂಗೆ ಎತ್ತಿದರು.

"ಮುಳ್ಳ ಉಡ್ಯಾಗ ಹಾಕ್ತಾರೇನ್ರಿ? ಹೊಸಾ ಮದುಮಗಳ ಉಡಿ!" ಎಂದು ಅತ್ತೆ ಅಡ್ಡ ಬಂದರು.

ಹಿರಿಯರು ಯೋಚನೆ ಮಾಡಿದರು. ಮುಳ್ಳಿಲ್ಲದಿದ್ದರೆ ಅದು ಬೇಲಿ ಹೇಗಾದೀತು ಎಂದು ಒಬ್ಬರ ವಾದ. ಮುಳ್ಳಿದ್ದರೆ ಅದು ಉಡಿ ಹೇಗಾದೀತು ಎಂದು ಅತ್ತೆಯ ವಾದ. ಕಡೆಗೆ ನನ್ನ ಗಂಡ ಒಂದು ಚಾಕು ತಂದು, ಕೂತು, ಟೊಂಗೆಯ ಮುಳ್ಳುಗಳನ್ನೆಲ್ಲ ತರಿದು, ತುದಿಯಲ್ಲಿ ಒಂದನ್ನು ಮಾತ್ರ ಬಿಟ್ಟು ಕೊಟ್ಟರು. ಈ ಇಡೀ ವ್ಯಾಜ್ಯದಲ್ಲಿ ಅವರು ತಮ್ಮ ಬುದ್ಧಿಯಿಂದ ಮಾಡಿದ ಕೆಲಸ ಅದೊಂದೇ, ಮತ್ತು ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಹಾಗೆ ನಾನು ಒಂದು ತೋಳಿನಷ್ಟು ಅಗಲದ ನೆಲಕ್ಕೆ ಯಜಮಾನಿಯಾದೆ. ಆ ಕಡೆಯ ತೋಟ ನನ್ನದಲ್ಲ, ಈ ಕಡೆಯದೂ ನನ್ನದಲ್ಲ. ಆ ಬೇಲಿ ಆಗ ಇರಲೂ ಇಲ್ಲ.

ಮರುದಿನ ಹೇಗೆ ಶುರು ಮಾಡುವುದೆಂದು ನಾನು ಹಿತ್ತಲಿಗೆ ಬಂದು ನೋಡಿದರೆ ಅಪ್ಪ ಒಂದು ಚಕ್ಕಡಿ ಜಾಲಿ ಕಂಟಿ ಹೇರಿಕೊಂಡು ಬಂದಿದ್ದ.

"ಯಾಕಪ್ಪಾ?"

"ಮಗಳ ಬೇಲಿ. ತವರುಮನೀಂದ ಏನೂ ಕೊಡಲಿಲ್ಲ ಅನ್ನಬಾರ್ದು."

ಮಾವ ಅದನ್ನು ಕಟ್ಟೆಯಿಂದ ನೋಡಿದರು. ಮಧ್ಯಾಹ್ನಕ್ಕೆ ಅವರೂ ಕೊಡಲಿ ಹಿಡಿದು ಹಳ್ಳದ ಕಡೆ ಹೋಗಿ ಎರಡು ಚಕ್ಕಡಿ ತುಂಬ ಬಾರಿಹಣ್ಣಿನ ಗಿಡದ ಮುಳ್ಳು ತಂದರು. "ಸೊಸಿ ಬೇಲಿಗೆ ಬೀಗರ ಮನಿ ಮುಳ್ಳ ಹಾಕಿಸಿಕೊಂಡ ಅಂತ ಊರಾಗ ಮಾತಾಗಬಾರ್ದು," ಅಂದರು. ಅಪ್ಪ ಮರುದಿನ ಗೂಟಗಳನ್ನು ತಂದ. ಮಾವ ಇನ್ನೂ ದಪ್ಪನೆಯ ಗೂಟ ತಂದರು. ತಮ್ಮದಾದೀತೆಂದು ಹೆದರಿ ಒಂದು ಕಂಟಿ ಹಾಕದ ಇಬ್ಬರು, ನನ್ನದಾದ ಮೇಲೆ ಪೈಪೋಟಿಯಲ್ಲಿ ಹಾಕತೊಡಗಿದರು. ಬೇಲಿ ಆಳೆತ್ತರ ಬೆಳೆಯಿತು. ಒಂದು ತೋಳಿನ ಅಗಲ ಹೋಗಿ ಎರಡು ತೋಳಾಯಿತು. ಆ ಕಡೆ ಅಪ್ಪನ ಮೆಂತ್ಯೆ ಮಡಿ, ಈ ಕಡೆ ಮಾವನ ಬದನೆ ಪಾತಿ ಅದರಡಿ ಸೇರಿದವು. ನಾನು ಸಾಕು ಅಂದೆ. ಅಪ್ಪ ಮಾವನನ್ನು ಮೊದಲು ನಿಲ್ಲಿಸು ಅಂದ. ಮಾವ ಅಪ್ಪನನ್ನು ಮೊದಲು ನಿಲ್ಲಿಸು ಅಂದರು. ಎಮ್ಮೆ ಬಂದು ನಿಂತು ಬೇಲಿಯನ್ನು ಕೆಳಗಿಂದ ಮೇಲೆ ನೋಡಿ, ಬೀದಿ ಸುತ್ತಿ ಅಪ್ಪನ ತಲೆಬಾಗಿಲಿಗೆ ಹೋಯಿತು.

ನಾನು ಗಂಡನಿಗೆ ಹೇಳಿ ನಡುವೆ ಒಂದು ಸಂದು ಬಿಡಿಸಿ ತಟ್ಟಿ ಬಾಗಿಲು ಕಟ್ಟಿಸಿದೆ. ಬೇಲಿ ನನ್ನದಾದ್ದರಿಂದ ಯಾರೂ ಬೇಡ ಅನ್ನುವಂತಿರಲಿಲ್ಲ. ಮೇಲೆ ಹೀರೆ ಬಳ್ಳಿ ಹಬ್ಬಿಸಿದೆ. ಕಾಯಿ ಆ ಕಡೆ ಜೋತರೂ ಈ ಕಡೆ ಜೋತರೂ ನನ್ನವೇ. ಅತ್ತೆಯೂ ಅವ್ವನೂ ನನ್ನನ್ನು ಕೇಳಿ ಕೊಯ್ದುಕೊಳ್ಳುತ್ತಿದ್ದರು. ಆ ಕೇಳುವಾಗ ಇಬ್ಬರಿಗೂ ನಗು.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ನರಗುಂದದಲ್ಲಿ ಗದ್ದಲವೆದ್ದಿತು. ಮುಂಗಾರಿಗೆ ಮುಂಚಿನ ಸುಡು ಬಿಸಿಲು. ಕೊಣ್ಣೂರಿನ ಕಡೆಯಿಂದ ಬಂದ ಎಣ್ಣೆ ಮಾರುವವನೊಬ್ಬ ದಂಡು ಬರುತ್ತಿದೆ ಅಂದ. ಯಾರ ದಂಡು, ಯಾವ ಕಡೆಗೆ ಎಂದು ಕೇಳಿದರೆ ಅವನಿಗೆ ತಿಳಿಯದು. ಊರು ಹೆದರಿತು. ನಮ್ಮ ಅಗಸಿಗೆ ಬಾಗಿಲ ಚೌಕಟ್ಟು ಇತ್ತು, ಕದ ಇರಲಿಲ್ಲ. ಕದ ಮಾಡಿಸುವುದು ಯಾರ ಜವಾಬ್ದಾರಿ ಎಂದು ಬಹಳ ಹಿಂದಿನಿಂದ ಮಾತು ನಡೆದೇ ಇತ್ತು. ಸದ್ಯಕ್ಕೆ ಮುಳ್ಳು ಒಟ್ಟಿ ಮುಚ್ಚೋಣ ಎಂದು ನಿಶ್ಚಯಿಸಿದರು. ಅಷ್ಟು ಮುಳ್ಳು ಕೂಡಲೇ ಸಿಗುವುದು ಎಲ್ಲಿ? ನಮ್ಮ ಬೇಲಿಯಷ್ಟು ದಪ್ಪದ್ದು ಸುತ್ತಲಿನ ಹಳ್ಳಿಗಳಲ್ಲೂ ಇರಲಿಲ್ಲ.

ಗೌಡರು ಆಳುಗಳನ್ನು ಕರೆದುಕೊಂಡು ಮೊದಲು ಅಪ್ಪನ ಹತ್ತಿರ ಹೋದರು. "ಬೇಲಿ ನಂದಲ್ರಿ," ಅಂದ ಅಪ್ಪ. ಮಾವನ ಹತ್ತಿರ ಬಂದರು. "ನೀವ ಅಲ್ಲೇನ್ರಿ ಉಡಿಗೆ ಹಾಕಿದವ್ರು?" ಅಂದರು ಮಾವ. ಗೌಡರು ಕಡೆಗೆ ಹಿತ್ತಲಿಗೆ ಬಂದು, ಹೀರೆಕಾಯಿ ಕೊಯ್ಯುತ್ತಿದ್ದ ನನ್ನ ಮುಂದೆ ನಿಂತರು. ಊರ ಕೆಲಸಕ್ಕೆ ಹೆಂಗಸಿನ ಒಪ್ಪಿಗೆ ಕೇಳಿದ ರೂಢಿ ಅವರಿಗಿರಲಿಲ್ಲ. ಬೇಲಿಯನ್ನು ನೋಡುತ್ತಲೇ ಮಾತಾಡಿದರು.

"ತಂಗೀ, ಊರಿಗೆ ಮುಳ್ಳ ಬೇಕಾಗೈತಿ."

"ತಗೊಳ್ರಿ. ಆದ್ರ ತಿರುಗಿ ಯಾರು ತಂದು ಹಾಕ್ತಾರ್ರಿ?"

ಅವರು ನನ್ನನ್ನು ಮೊದಲ ಬಾರಿ ನೆಟ್ಟಗೆ ನೋಡಿದರು. "ಊರು ಹಾಕತೈತಿ," ಅಂದರು.

"ಊರು ಅಂದ್ರ ಯಾರ್ರಿ?"

ಗೌಡರು ಆಳುಗಳಿಗೆ ಕೈಸನ್ನೆ ಮಾಡಿದರು. ಆಳುಗಳು ಕವೆಗೋಲು ಹಾಕಿ ಬೇಲಿಯನ್ನು ಬಳ್ಳಿ ಸಮೇತ ಎತ್ತಿಕೊಂಡು ಹೋದರು. ಅಗಸಿಯಲ್ಲಿ ಮುಳ್ಳಿನ ಗುಡ್ಡ ಎದ್ದಿತು. ಮೇಲೆ ಹಳದಿ ಹೀರೆ ಹೂ.

ದಂಡು ನಮ್ಮ ಊರಿಗೆ ಬರಲೇ ಇಲ್ಲ. ನರಗುಂದದಲ್ಲಿ ಆಗಬಾರದ್ದೆಲ್ಲ ಆಯಿತೆಂದು ಆಮೇಲೆ ಕೇಳಿ ಮನೆ ಮನೆಯಲ್ಲಿ ಮರುಗಿದರು. ನಮ್ಮ ಅಗಸಿ ಮಾತ್ರ ಮುಚ್ಚಿಯೇ ಇತ್ತು. ದನ ಹೊರಗೆ ಹೋಗಲು ಗೋಡೆ ಬಿದ್ದ ಕಡೆಯಿಂದ ಸುತ್ತಬೇಕು, ಚಕ್ಕಡಿಗೆ ದಾರಿಯಿಲ್ಲ. ಊರ ಜನ ಮುಳ್ಳು ಗೌಡರು ಹಾಕಿಸಿದ್ದು ಅಂದರು. ಗೌಡರು ಮುಳ್ಳು ಆ ಹೆಣ್ಣುಮಗಳದು, ಆಕೆಯ ಮನೆಯವರು ಒಯ್ಯಲಿ ಅಂದರು. ನಾನು, ಕೊಟ್ಟದ್ದು ಊರಿಗೆ, ಊರು ತಂದುಹಾಕಲಿ ಎಂದು ಹೇಳಿ ಕಳಿಸಿದೆ. ಎಲ್ಲರೂ ಸೇರಿ ಚಾವಡಿಯಲ್ಲಿ ಕೂತು, ಅಗಸಿಯ ಒಳಗೆ ನಿಂತರೆ ಬಲಗೈ ಯಾವುದು ಎಂದು ಚರ್ಚೆ ಶುರು ಮಾಡಿದರೆಂದು ಗಂಡ ಬಂದು ಹೇಳಿದರು.

ಅಷ್ಟರಲ್ಲಿ ಮಳೆ ಬಿತ್ತು. ಎರೆಭೂಮಿ ಹದಕ್ಕೆ ಬಂದರೆ ಕಾಯುವುದಿಲ್ಲ. ಬಿತ್ತಲು ಕೂರಿಗೆ ಹೊರಗೆ ಹೋಗಲೇಬೇಕು. ಮಾತು ನಡೆಯುತ್ತಿದ್ದಾಗಲೇ ಅಪ್ಪ ಚಾವಡಿಯಿಂದ ಎದ್ದು ಹೋಗಿ ಕವೆಗೋಲು ತಂದ. ಅವನನ್ನು ನೋಡಿ ಮಾವನೂ ತಂದರು. ನಾನು ಅವ್ವನ ಜೊತೆ ಅಗಸಿಯ ಹತ್ತಿರ ಹೋಗಿ ನೋಡಿದೆ. ಇಬ್ಬರೂ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒಂದೊಂದೇ ಕಂಟಿ ಎಳೆಯುತ್ತಿದ್ದರು.

"ನಿಮ್ಮ ಮಗಳ ಮುಳ್ಳ, ಬೀಗರ. ನಾ ಸುಮ್ನ ಕೈ ಹಚ್ಚೀನಿ," ಅಂದರು ಮಾವ.

"ನಿಮ್ಮ ಸೊಸೀದು. ಆ ತುದಿ ಹಿಡೀರಿ ಮೊದಲ."

"ನೀವು ಎಳೀರಿ, ನಾ ಎತ್ತತೇನಿ."

"ಕಾಲು ನೋಡಿ ಇಡ್ರಿ, ಬೀಗರ, ಅಲ್ಲೊಂದು ಮುಳ್ಳೈತಿ."

ನನ್ನ ಗಂಡನ ಮೂಲಕವಲ್ಲದೆ ಅವರು ಹಾಗೆ ನೇರ ಮಾತಾಡಿದ್ದನ್ನು ಕೇಳಿ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವರಿಬ್ಬರೂ ಮುಳ್ಳು ಎಳೆಯುವುದನ್ನು ಕಂಡು ಉಳಿದ ಗಂಡಸರೂ ಚಾವಡಿಯಿಂದ ಇಳಿದು ಬಂದರು. ಮಧ್ಯಾಹ್ನದೊಳಗೆ ಅಗಸಿ ತೆರೆಯಿತು, ಕೂರಿಗೆಗಳು ಹೊರಗೆ ಹೋದವು.

ಮಳೆಯಲ್ಲಿ ಕೊಳೆತ ಮುಳ್ಳು ತಿರುಗಿ ಹಾಕಲು ಬರುವಂತಿರಲಿಲ್ಲ. ನಾನು ಆ ವರ್ಷ ಬೇಲಿಯ ಜಾಗದಲ್ಲಿ ಕಳ್ಳಿ ನೆಡಿಸಿದೆ. ಅದು ತಾನೇ ಬೆಳೆಯುತ್ತದೆ, ಸೌದೆಗೂ ಬರುವುದಿಲ್ಲ, ಯಾರೂ ಎತ್ತಿಕೊಂಡೂ ಹೋಗುವುದಿಲ್ಲ. ಅಪ್ಪನೂ ಮಾವನೂ ಸಂಜೆ ತಟ್ಟಿ ಬಾಗಿಲ ಹತ್ತಿರ ಆ ಕಡೆ ಒಬ್ಬರು ಈ ಕಡೆ ಒಬ್ಬರು ಕೂತು ಎಲೆಅಡಿಕೆ ಹಾಕಿಕೊಳ್ಳುವುದು ರೂಢಿಯಾಯಿತು. ಆ ಬಾಗಿಲ ಕೀಲು ಮುರಿದಾಗ ಮಾತ್ರ, ಅದನ್ನು ಸರಿ ಮಾಡಿಸುವವರು ಯಾರು ಎಂದು ಇಬ್ಬರೂ ಮಳೆಗಾಲ ಪೂರ್ತಿ ಮಾತಾಡಿದರು.